ವಿಷ ಹಿಡಿಯುವ ಪುಡಿ: ಯಾವ ವಿಷ, ಎಲ್ಲಿದೆ, ಎಷ್ಟಿದೆ?

ಟಾಕ್ಸಿನ್ ಬೈಂಡರ್ ಎಂದರೆ ಕರುಳಿನಲ್ಲಿರುವ ವಿಷವಸ್ತುವನ್ನು ತನಗೆ ಅಂಟಿಸಿಕೊಂಡು, ರಕ್ತಕ್ಕೆ ಸೇರಲು ಬಿಡದೆ, ಮಲದೊಂದಿಗೆ ಹೊರಗೆ ಸಾಗಿಸುವ ಪದಾರ್ಥ. ಸಕ್ರಿಯ ಇದ್ದಿಲು, ಬೆಂಟೊನೈಟ್ ಎಂಬ ಜೇಡಿಮಣ್ಣು, ಜಿಯೋಲೈಟ್ ಎಂಬ ಖನಿಜ, ಕ್ಲೊರೆಲ್ಲಾ ಎಂಬ ಹಸಿರು ಪಾಚಿ, ಹಣ್ಣಿನ ಸಿಪ್ಪೆಯಿಂದ ತೆಗೆದ ಪೆಕ್ಟಿನ್ ಈ ಗುಂಪಿನಲ್ಲಿ ಹೆಚ್ಚು ಮಾರಾಟವಾಗುವ ಸರಕುಗಳು. ಅಮೆರಿಕದ ಪೂರಕ ಆಹಾರಗಳ ಮಾರುಕಟ್ಟೆಯಲ್ಲಿ ಬೆಳೆದ ಈ ವ್ಯಾಪಾರ ಈಗ ಆನ್‌ಲೈನ್ ಅಂಗಡಿಗಳ ದಾರಿಯಲ್ಲಿ ಭಾರತದ ಮನೆಗಳಿಗೂ ಬಂದಿದೆ. ಡಬ್ಬಿಯ ಮೇಲಿನ ಭರವಸೆ ಸಾಮಾನ್ಯವಾಗಿ ಎರಡು: ದೇಹ ಶುದ್ಧಿಯಾಗುತ್ತದೆ, ಸುಸ್ತು ಹೋಗಿ ಚೈತನ್ಯ ಬರುತ್ತದೆ. ಈ ಪದಾರ್ಥಗಳಲ್ಲಿ ಕೆಲವು ನಿಜಕ್ಕೂ ವಿಷ ಹಿಡಿಯುತ್ತವೆ, ಆಸ್ಪತ್ರೆಯಲ್ಲಿ ಜೀವವನ್ನೂ ಉಳಿಸಿವೆ. ಹಾಗೆಂದು ಆರೋಗ್ಯವಂತರು ದಿನಾ ನುಂಗಿದರೆ ಲಾಭವಿದೆ ಎಂದಾಗುವುದಿಲ್ಲ. ಯಾವ ವಿಷ, ಅದು ದೇಹದಲ್ಲಿ ಎಲ್ಲಿದೆ, ಎಷ್ಟಿದೆ ಎಂಬ ಮೂರು ಪ್ರಶ್ನೆಗೆ ಉತ್ತರ ಸಿಕ್ಕ ಕಡೆ ಬೈಂಡರ್ ಔಷಧ. ಉತ್ತರವಿಲ್ಲದ ಕಡೆ ಅದು ಬರೀ ಪುಡಿ.

ಇವುಗಳಲ್ಲಿ ಹೆಚ್ಚು ಪರಿಚಿತವಾದದ್ದು ಇದ್ದಿಲು. ಸೌದೆ ಒಲೆಯ ಇದ್ದಿಲಿಗೂ ಔಷಧದ ಇದ್ದಿಲಿಗೂ ವ್ಯತ್ಯಾಸವಿದೆ. ತೆಂಗಿನ ಚಿಪ್ಪನ್ನೋ ಮರವನ್ನೋ ಗಾಳಿಯಾಡದಂತೆ ಸುಟ್ಟು ಇದ್ದಿಲು ಮಾಡಿ, ಅದಕ್ಕೆ 800ರಿಂದ 1000 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನೀರಾವಿ ಹಾಯಿಸಿದರೆ ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ತೆರೆದುಕೊಳ್ಳುತ್ತವೆ. ಹೀಗೆ ಸಿದ್ಧವಾದದ್ದು ಸಕ್ರಿಯ ಇದ್ದಿಲು. ತೆಂಗಿನ ಚಿಪ್ಪಿನಿಂದ ಮಾಡಿದ ಇದ್ದಿಲನ್ನು ಭಾರತ ಮತ್ತು ಶ್ರೀಲಂಕಾ ಹೊರದೇಶಗಳಿಗೆ ಕಳುಹಿಸುತ್ತವೆ. ಮನೆಯ ನೀರಿನ ಫಿಲ್ಟರಿನಲ್ಲಿರುವುದೂ ಬಹುಪಾಲು ಇದೇ. ಇದರ ಒಂದು ಗ್ರಾಂ ಪುಡಿಯ ಒಳಮೈಯನ್ನೆಲ್ಲ ಬಿಚ್ಚಿ ಹಾಸಿದರೆ ಸುಮಾರು ಸಾವಿರ ಚದರ ಮೀಟರ್ ಆಗುತ್ತದೆ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ, ಚಿಟಿಕೆ ಪುಡಿಯೊಳಗೆ 30-40ರ ಒಂಬತ್ತು ಸೈಟುಗಳಷ್ಟು ಜಾಗ ಮಡಚಿ ಕುಳಿತಿದೆ. ವಿಷದ ಅಣುಗಳು ಬಂದು ಅಂಟಿಕೊಳ್ಳುವುದು ಆ ಮೈಗೆ. ಬಟ್ಟೆ ನೀರು ಹೀರಿಕೊಂಡಂತೆ ಒಳಗೆಳೆದುಕೊಳ್ಳುವ ಕ್ರಿಯೆ ಇದಲ್ಲ. ಗೋಡೆಗೆ ಧೂಳು ಹತ್ತಿದಂತೆ ಮೇಲ್ಮೈಗೆ ಹತ್ತಿಕೊಳ್ಳುವ ಈ ಕ್ರಿಯೆಯನ್ನು ರಸಾಯನಶಾಸ್ತ್ರದಲ್ಲಿ ಅಧಿಶೋಷಣೆ ಎನ್ನುತ್ತಾರೆ.

ಜೇಡಿಮಣ್ಣಿನ ಹಿಡಿತ ಬೇರೆ ಬಗೆಯದು. ಬೆಂಟೊನೈಟಿನ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ಅದರ ರಚನೆ ಒಂದರ ಮೇಲೊಂದು ಪೇರಿಸಿದ ತೆಳು ಹಾಳೆಗಳ ಕಟ್ಟಿನಂತೆ. ಹಾಳೆಗಳ ಮೈಯಲ್ಲಿ ಋಣ ವಿದ್ಯುದಂಶವಿರುವುದರಿಂದ ಧನ ವಿದ್ಯುದಂಶದ ಅಯಾನುಗಳು ಅಲ್ಲಿಗೆ ಸೆಳೆಯಲ್ಪಡುತ್ತವೆ. ಚಪ್ಪಟೆಯಾದ ಕೆಲವು ಅಣುಗಳು ಹಾಳೆಗಳ ನಡುವೆ ನುಸುಳಿ ಕೂರುತ್ತವೆ. ಜಿಯೋಲೈಟಿನಲ್ಲಿ ಹಾಳೆಗಳ ಬದಲು ನಿರ್ದಿಷ್ಟ ಅಳತೆಯ ಗೂಡುಗಳಿವೆ. ಗೂಡಿಗೆ ಹಿಡಿಸುವ ಅಯಾನು ಒಳಗೆ ಹೋಗುತ್ತದೆ, ಹಿಡಿಸದ್ದು ಹೊರಗೇ ಉಳಿಯುತ್ತದೆ. ಔಷಧ ಕಂಪನಿಗಳು ತಯಾರಿಸುವ ರಾಳಗಳು ಈ ತತ್ತ್ವವನ್ನೇ ಬಳಸಿಕೊಂಡು ಒಂದೊಂದು ವಸ್ತುವಿಗೆ ತಕ್ಕಂತೆ ರೂಪಿಸಿದವು. ಹೀಗೆ ಪ್ರತಿ ಬೈಂಡರಿಗೂ ತನ್ನದೇ ಒಲವಿದೆ. ಎಲ್ಲ ವಿಷವನ್ನೂ ಹಿಡಿಯುವ ಪದಾರ್ಥ ಒಂದೂ ಇಲ್ಲ. ವಿಷವನ್ನು ಮಾತ್ರ ಹಿಡಿದು ಒಳ್ಳೆಯದನ್ನು ಬಿಟ್ಟುಬಿಡುವ ಪದಾರ್ಥವೂ ಇಲ್ಲ.

ಬೈಂಡರಿನ ಕೆಲಸಕ್ಕೆ ಇನ್ನೊಂದು ಎಲ್ಲೆಯಿದೆ. ಬಾಯಿಂದ ಗುದದವರೆಗಿನ ಜೀರ್ಣನಾಳ ದೇಹದೊಳಗೆ ಹಾದುಹೋಗುವ ಒಂದು ಕೊಳವೆ. ಕರುಳಿನ ಗೋಡೆ ದಾಟುವ ತನಕ ತಿಂದ ವಸ್ತು ರಕ್ತಕ್ಕೆ ಸೇರಿರುವುದಿಲ್ಲ. ಇದ್ದಿಲು, ಜೇಡಿ, ರಾಳ ಇವ್ಯಾವುವೂ ಆ ಗೋಡೆ ದಾಟುವುದಿಲ್ಲ. ನುಂಗಿದ್ದು ಹಾಗೇ ಹೊರಗೆ ಹೋಗುತ್ತದೆ. ಅವು ರಕ್ತದಲ್ಲಿ, ಕೊಬ್ಬಿನಲ್ಲಿ, ಮೂಳೆಯಲ್ಲಿ, ಮಿದುಳಿನಲ್ಲಿ ಇರುವುದನ್ನು ಮುಟ್ಟಲಾರವು. ಕೊಳವೆಯೊಳಗೆ ಈಗ ಇರುವುದನ್ನು, ಇಲ್ಲವೇ ದೇಹವೇ ತಿರುಗಿ ಕೊಳವೆಗೆ ಸುರಿಯುವುದನ್ನು ಮಾತ್ರ ಹಿಡಿಯಬಲ್ಲವು. ವೈದ್ಯರು ಬೈಂಡರನ್ನು ಬಳಸುವ ಎಲ್ಲ ಸಂದರ್ಭಗಳೂ ಈ ಎರಡರಲ್ಲಿ ಒಂದು ಗುಂಪಿಗೆ ಸೇರುತ್ತವೆ.

ಮೊದಲನೆಯದು ಆಸ್ಪತ್ರೆಯ ತುರ್ತು ವಿಭಾಗ. ಮಾತ್ರೆಗಳನ್ನು ಹೆಚ್ಚಾಗಿ ನುಂಗಿದವರನ್ನು ಬೇಗ ಕರೆತಂದಾಗ ವೈದ್ಯರು ಸಕ್ರಿಯ ಇದ್ದಿಲನ್ನು ಕೊಡುವುದುಂಟು. ವಯಸ್ಕರಿಗೆ 50ರಿಂದ 100 ಗ್ರಾಂ ಪುಡಿಯನ್ನು ನೀರಿನಲ್ಲಿ ಕದಡಿದರೆ ಕಪ್ಪು ಅಂಬಲಿಯಂಥ ದ್ರವ ಸಿದ್ಧವಾಗುತ್ತದೆ. ಎಚ್ಚರವಿದ್ದವರು ಕುಡಿಯುತ್ತಾರೆ, ಉಳಿದವರಿಗೆ ಉಸಿರಾಟದ ದಾರಿ ಭದ್ರಪಡಿಸಿದ ಮೇಲೆ ಮೂಗಿನ ನಳಿಕೆಯಿಂದ ಹೊಟ್ಟೆಗೆ ಇಳಿಸುತ್ತಾರೆ. ರುಚಿಯಿಲ್ಲ, ಹಲ್ಲಿಗೆ ಮರಳಿನಂತೆ ಸಿಗುತ್ತದೆ, ತುಟಿ, ಹಲ್ಲು, ಹಾಸಿಗೆಯ ಬಟ್ಟೆ ಎಲ್ಲವೂ ಕಪ್ಪು. ಅದು ಸರಿಯಾಗಿ ಕೆಲಸ ಮಾಡುವುದು ವಿಷ ನುಂಗಿದ ಸುಮಾರು ಒಂದು ಗಂಟೆಯೊಳಗೆ. ಹೊತ್ತು ಕಳೆದಂತೆ ವಿಷ ಹೊಟ್ಟೆ ದಾಟಿ ಕರುಳಿಗೆ, ಅಲ್ಲಿಂದ ರಕ್ತಕ್ಕೆ ಹೋಗಿರುತ್ತದೆ. ಆಮ್ಲ, ಕ್ಷಾರ, ಸೀಮೆಎಣ್ಣೆ ಕುಡಿದವರಿಗೆ ಇದ್ದಿಲು ಕೊಡುವುದಿಲ್ಲ. ಮದ್ಯ, ಕಬ್ಬಿಣ ಮತ್ತು ಲಿಥಿಯಂ ಇದ್ದಿಲಿಗೆ ಅಂಟುವುದೇ ಇಲ್ಲ. ಪಾರ್ಟಿಯ ಮರುದಿನ ತಲೆಭಾರಕ್ಕೆ ಇದ್ದಿಲ ಕ್ಯಾಪ್ಸೂಲ್ ನುಂಗುವ ರೂಢಿಗೆ ಆಧಾರವಿಲ್ಲದಿರುವುದು ಈ ಕಾರಣಕ್ಕೆ.

ಪ್ರಮಾಣದ ಲೆಕ್ಕವನ್ನೂ ನೋಡಬೇಕು. ಅಂಗಡಿಯ ಇದ್ದಿಲ ಕ್ಯಾಪ್ಸೂಲಿನಲ್ಲಿ ಪುಡಿ ಇರುವುದು ಸುಮಾರು 250 ಮಿಲಿಗ್ರಾಂ. ಆಸ್ಪತ್ರೆಯ ಒಂದು ಕನಿಷ್ಠ ಪ್ರಮಾಣಕ್ಕೆ ಅಂಥ 200 ಕ್ಯಾಪ್ಸೂಲ್ ಬೇಕು. ಅಷ್ಟು ದೊಡ್ಡ ಪ್ರಮಾಣವೂ ಎಲ್ಲರನ್ನೂ ಉಳಿಸುವುದಿಲ್ಲ. ಶ್ರೀಲಂಕಾದ ಆಸ್ಪತ್ರೆಗಳಲ್ಲಿ ಕೀಟನಾಶಕ ಅಥವಾ ವಿಷಬೀಜ ಸೇವಿಸಿ ದಾಖಲಾದ 4632 ಮಂದಿಯನ್ನು ಮೂರು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲಿತಾಂಶ 2008ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಇದ್ದಿಲು ಕೊಡದವರಲ್ಲಿ ಶೇ 6.8, ಒಮ್ಮೆ ಕೊಟ್ಟವರಲ್ಲಿ ಶೇ 7.1, ಮತ್ತೆ ಮತ್ತೆ ಕೊಟ್ಟವರಲ್ಲಿ ಶೇ 6.3 ಮಂದಿ ತೀರಿಕೊಂಡಿದ್ದರು. ಈ ವ್ಯತ್ಯಾಸ ಲೆಕ್ಕಕ್ಕೆ ಹಿಡಿಯುವಂಥದ್ದಾಗಿರಲಿಲ್ಲ. ಅನೇಕರು ಆಸ್ಪತ್ರೆ ತಲುಪುವ ಹೊತ್ತಿಗೆ ಗಂಟೆಗಳೇ ಕಳೆದಿದ್ದವು. ಬೈಂಡರಿನ ಮಟ್ಟಿಗೆ ಯಾವ ವಿಷ ಎಂಬುದರಷ್ಟೇ ಯಾವ ಹೊತ್ತು ಎಂಬುದೂ ಮುಖ್ಯ.

ಎರಡನೆಯ ಗುಂಪು ಪಿತ್ತರಸದ ಸುತ್ತಾಟಕ್ಕೆ ಸಂಬಂಧಿಸಿದ್ದು. ಯಕೃತ್ತು ಪಿತ್ತರಸವನ್ನು ಕರುಳಿಗೆ ಸುರಿಯುತ್ತದೆ. ಅದರಲ್ಲಿನ ಪಿತ್ತಾಮ್ಲಗಳಲ್ಲಿ ಶೇ 95ರಷ್ಟು ಸಣ್ಣಕರುಳಿನ ಕೊನೆಯಲ್ಲಿ ಮತ್ತೆ ಹೀರಲ್ಪಟ್ಟು ಯಕೃತ್ತಿಗೆ ಮರಳುತ್ತವೆ. ಕೆಲವು ಔಷಧಗಳೂ ವಿಷಗಳೂ ಇದೇ ದಾರಿಯಲ್ಲಿ ಸುತ್ತುತ್ತ ತಿಂಗಳುಗಟ್ಟಲೆ ದೇಹದಲ್ಲೇ ಉಳಿಯುತ್ತವೆ. ಕೊಲೆಸ್ಟೈರಮಿನ್ ಎಂಬ ರಾಳ ಕರುಳಿನಲ್ಲಿ ಅವನ್ನು ಹಿಡಿದು ಆ ಚಕ್ರವನ್ನು ಕಡಿಯುತ್ತದೆ. ಅಮೆರಿಕದ ವರ್ಜೀನಿಯಾ ರಾಜ್ಯದ ಹೋಪ್‌ವೆಲ್ ಊರಿನಲ್ಲಿ ಕೀಪೋನ್ ಎಂಬ ಕೀಟನಾಶಕ ತಯಾರಿಸುತ್ತಿದ್ದ ಕಾರ್ಖಾನೆಯ ಕೆಲಸಗಾರರು ಕೈನಡುಕ, ಕಣ್ಣು ಅದುರುವಿಕೆ, ಮಾನಸಿಕ ಕಳವಳಗಳಿಂದ ನರಳಿದಾಗ, 1975ರಲ್ಲಿ ವಿಷಯ ಬಯಲಾಯಿತು. ಅವರಿಗೆ ಕೊಲೆಸ್ಟೈರಮಿನ್ ಕೊಟ್ಟು ನೋಡಿದ ವೈದ್ಯರು 1978ರಲ್ಲಿ ಪ್ರಕಟಿಸಿದ ವರದಿಯಂತೆ, ರಕ್ತದಲ್ಲಿನ ಕೀಪೋನ್ ಅರ್ಧಕ್ಕೆ ಇಳಿಯಲು ಬೇಕಾಗುತ್ತಿದ್ದ ಸಮಯ ಸುಮಾರು 165 ದಿನದಿಂದ 80 ದಿನಕ್ಕೆ ಬಂತು. ಸಂಧಿವಾತಕ್ಕೆ ಕೊಡುವ ಲೆಫ್ಲುನೊಮೈಡ್ ಎಂಬ ಮಾತ್ರೆಯನ್ನು ದೇಹದಿಂದ ಬೇಗ ತೆಗೆಯಬೇಕಾದಾಗ ಇಂದಿಗೂ ಇದೇ ರಾಳವನ್ನು ದಿನಕ್ಕೆ ಮೂರು ಬಾರಿ 8 ಗ್ರಾಂನಂತೆ 11 ದಿನ ಕೊಡುತ್ತಾರೆ.

ಇದೇ ತತ್ತ್ವದ ಇನ್ನೊಂದು ಉದಾಹರಣೆ ಬ್ರೆಜಿಲಿನ ಗೊಯಾನಿಯಾ ನಗರದ್ದು. 1987ರ ಸೆಪ್ಟೆಂಬರಿನಲ್ಲಿ, ಪಾಳುಬಿದ್ದ ಚಿಕಿತ್ಸಾಲಯದಲ್ಲಿ ಉಳಿದಿದ್ದ ವಿಕಿರಣ ಯಂತ್ರದ ಭಾಗವನ್ನು ಗುಜರಿಗೆಂದು ಕದ್ದೊಯ್ದವರು ಅದನ್ನು ಬಿಚ್ಚಿದರು. ಒಳಗಿದ್ದ ಸೀಸಿಯಂ-137ರ ಪುಡಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು. ಅದನ್ನು ಕಂಡು ಬೆರಗಾದವರು ನೆಂಟರಿಷ್ಟರಿಗೂ ಹಂಚಿದರು. 249 ಮಂದಿಗೆ ವಿಕಿರಣವಸ್ತು ತಗಲಿತು, 4 ಮಂದಿ ಸತ್ತರು. ಸೀಸಿಯಂ ರಕ್ತದಿಂದ ಕರುಳಿಗೆ ಬಂದು ಮತ್ತೆ ರಕ್ತಕ್ಕೆ ಹೋಗುವ ಸ್ವಭಾವದ್ದು. ಬಣ್ಣಗಾರರು ಬಳಸುವ ಪ್ರಷ್ಯನ್ ಬ್ಲೂ ಎಂಬ ನೀಲಿ ವಸ್ತು ಅದನ್ನು ಕರುಳಿನಲ್ಲೇ ಹಿಡಿಯುತ್ತದೆ. 46 ಮಂದಿಗೆ ಅದನ್ನು ಕೊಡಲಾಯಿತು. ದೇಹದಲ್ಲಿನ ಸೀಸಿಯಂ ಅರ್ಧಕ್ಕಿಳಿಯಲು ವಯಸ್ಕರಲ್ಲಿ ಸುಮಾರು 110 ದಿನ ಬೇಕು. ಪ್ರಷ್ಯನ್ ಬ್ಲೂ ಅದನ್ನು 30 ದಿನಕ್ಕೆ ತರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2003ರಲ್ಲಿ ಇದಕ್ಕೆ ಔಷಧದ ಮಾನ್ಯತೆ ಕೊಟ್ಟಿತು. ಸದ್ದಿಲ್ಲದೆ ನಡೆಯುವ ಬಳಕೆಯೂ ಇದೆ. ಕಿಡ್ನಿ ಸೋತು ಡಯಾಲಿಸಿಸ್ ಮೇಲಿರುವವರು ಊಟದ ಜೊತೆ ನುಂಗುವ ಸೆವೆಲಾಮರ್ ಮಾತ್ರೆ ಆಹಾರದ ಫಾಸ್ಫೇಟನ್ನು ಹಿಡಿಯುವ ಬೈಂಡರ್. ಪೊಟ್ಯಾಸಿಯಂ ಏರಿದಾಗ ಕೊಡುವ ಪುಡಿಯೂ ಅದೇ ಜಾತಿಯದು. ಇವರಲ್ಲಿ ಏನು ಹೆಚ್ಚಾಗಿದೆ ಎಂಬುದು ರಕ್ತಪರೀಕ್ಷೆಯ ಕಾಗದದ ಮೇಲೆ ಅಂಕಿಯಲ್ಲಿ ಇರುತ್ತದೆ, ಪುಡಿ ಕೆಲಸ ಮಾಡಿತೇ ಎಂಬುದು ಮುಂದಿನ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಕರ್ನಾಟಕದಲ್ಲಿ ಟಾಕ್ಸಿನ್ ಬೈಂಡರ್ ಎಂಬ ಮಾತು ಮೊದಲಿನಿಂದ ಚಾಲ್ತಿಯಲ್ಲಿರುವುದು ಕೋಳಿಫಾರಂಗಳಲ್ಲಿ. ಮೆಕ್ಕೆಜೋಳ, ಶೇಂಗಾ ಹಿಂಡಿ ಸರಿಯಾಗಿ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಆಸ್ಪರ್ಜಿಲಸ್ ಜಾತಿಯ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು ಸತ್ತಾಗ ಮೇವಿನ ಶೇಂಗಾ ಹಿಂಡಿಯಲ್ಲಿ ಈ ವಿಷ ಪತ್ತೆಯಾಯಿತು. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ಸತ್ತರು. ಕೋಳಿ ಮೇವಿನ ಮಿಕ್ಸರಿಗೆ ಟನ್ನಿಗೆ ಒಂದೆರಡು ಕಿಲೋ ಜೇಡಿಪುಡಿ ಬೆರೆಸುವುದು ಈ ಅನುಭವದಿಂದ ಬಂದ ಪದ್ಧತಿ. ಮಾಂಟ್‌ಮೊರಿಲೊನೈಟಿನ ಹಾಳೆಗಳ ನಡುವೆ ಅಫ್ಲಾಟಾಕ್ಸಿನ್ನಿನ ಚಪ್ಪಟೆ ಅಣು ಚೆನ್ನಾಗಿ ಕೂರುತ್ತದೆ. ಅದೇ ಜೇಡಿ ಬೂಷ್ಟಿನ ಬೇರೆ ಕೆಲವು ವಿಷಗಳನ್ನು ಅಷ್ಟಾಗಿ ಹಿಡಿಯುವುದಿಲ್ಲ. ಹಸು ತಿಂದ ಅಫ್ಲಾಟಾಕ್ಸಿನ್ ರೂಪ ಬದಲಿಸಿ ಹಾಲಿಗೂ ಬರುವುದರಿಂದ ಹೈನುಗಾರಿಕೆಯಲ್ಲೂ ಇದರ ಬಳಕೆಯಿದೆ. ಹಾಲಿನಲ್ಲಿ ಅಫ್ಲಾಟಾಕ್ಸಿನ್ ಎಂ1 ಕಿಲೋಗೆ 0.5 ಮೈಕ್ರೋಗ್ರಾಂ ಮೀರಬಾರದು ಎಂಬುದು ಭಾರತದ ನಿಯಮ. ಮೆಕ್ಕೆಜೋಳ, ಶೇಂಗಾ ಹೆಚ್ಚು ತಿನ್ನುವ ಘಾನಾ ದೇಶದ ಹಳ್ಳಿಗಳಲ್ಲಿ ಜನರಿಗೂ ಶುದ್ಧೀಕರಿಸಿದ ಜೇಡಿಯ ಕ್ಯಾಪ್ಸೂಲನ್ನು ಮೂರು ತಿಂಗಳು ಕೊಟ್ಟು ನೋಡಲಾಗಿದೆ. ಮೂತ್ರದಲ್ಲಿ ಅಫ್ಲಾಟಾಕ್ಸಿನ್ನಿನ ಕುರುಹು ಇಳಿಯಿತು. ಅಲ್ಲಿಯೂ ವಿಷದ ಹೆಸರು ಗೊತ್ತಿತ್ತು, ಅದು ದಿನಾ ಊಟದ ಜೊತೆ ಕರುಳಿಗೆ ಬರುತ್ತಿತ್ತು, ಅಳೆಯುವ ವಿಧಾನವಿತ್ತು.

ಡಿಟಾಕ್ಸ್, ಅಂದರೆ ದೇಹಶುದ್ಧಿಯ, ಡಬ್ಬಿಗಳ ಭಾಷೆಯಲ್ಲಿ ಕಾಣೆಯಾಗುವುದು ಇದೇ. ಅಲ್ಲಿ ವಿಷ ಎಂಬ ಪದಕ್ಕೆ ಹೆಸರೂ ಇಲ್ಲ, ಅಂಕಿಯೂ ಇಲ್ಲ. ಬ್ರಿಟನ್ನಿನ ಸೆನ್ಸ್ ಅಬೌಟ್ ಸೈನ್ಸ್ ಸಂಸ್ಥೆಯ ಯುವ ವಿಜ್ಞಾನಿಗಳು 2009ರಲ್ಲಿ 15 ಡಿಟಾಕ್ಸ್ ಉತ್ಪನ್ನಗಳ ತಯಾರಕರನ್ನು ವಿಚಾರಿಸಿದಾಗ ಯಾವ ಇಬ್ಬರೂ ಡಿಟಾಕ್ಸ್ ಎಂಬ ಪದಕ್ಕೆ ಒಂದೇ ಅರ್ಥ ಹೇಳಲಿಲ್ಲ. ಡಿಟಾಕ್ಸ್ ಆಹಾರಕ್ರಮಗಳ ಬಗ್ಗೆ ಬಂದ ಅಧ್ಯಯನಗಳನ್ನೆಲ್ಲ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ವಿಮರ್ಶೆಗೆ, ಮಾರುಕಟ್ಟೆಯ ಡಿಟಾಕ್ಸ್ ಕ್ರಮಗಳನ್ನು ಮನುಷ್ಯರ ಮೇಲೆ ಸರಿಯಾಗಿ ಹೋಲಿಸಿ ನೋಡಿದ ಒಂದು ಪರೀಕ್ಷೆಯೂ ಸಿಗಲಿಲ್ಲ.

ಡಿಟಾಕ್ಸ್ ಕಲ್ಪನೆಗೆ ನೂರು ವರ್ಷ ಮೀರಿದ ಹಿನ್ನೆಲೆಯಿದೆ. ಕರುಳಿನಲ್ಲಿ ಕೊಳೆಯುವ ಮಲದಿಂದ ವಿಷ ರಕ್ತಕ್ಕೆ ಏರಿ ಸುಸ್ತು, ತಲೆನೋವು, ಮಂಕು ಬರುತ್ತದೆ ಎಂಬ ಸಿದ್ಧಾಂತ 19ನೆಯ ಶತಮಾನದ ಕೊನೆಯಲ್ಲಿ ಯುರೋಪಿನ ವೈದ್ಯರಲ್ಲೇ ಜನಪ್ರಿಯವಾಗಿತ್ತು. ಲಂಡನ್ನಿನ ಶಸ್ತ್ರವೈದ್ಯ ಆರ್ಬತ್ನಾಟ್ ಲೇನ್ ಇದನ್ನು ನಂಬಿ, ಮಲಬದ್ಧತೆಯವರ ದೊಡ್ಡಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದ. ಅಮೆರಿಕದ ವೈದ್ಯ ವಾಲ್ಟರ್ ಆಲ್ವಾರೆಜ್ 1919ರಲ್ಲಿ ಒಂದು ಸರಳ ತರ್ಕ ಮುಂದಿಟ್ಟ. ಮಲವಿಸರ್ಜನೆಯಾದ ಕೆಲವೇ ನಿಮಿಷಗಳಲ್ಲಿ ತಲೆ ಹಗುರಾಗುತ್ತದೆ. ಕಾರಣ ರಕ್ತದಲ್ಲಿನ ವಿಷವಾಗಿದ್ದರೆ ಅಷ್ಟು ಬೇಗ ಪರಿಹಾರ ಸಿಗಬಾರದಿತ್ತು. ಹಾಗಾಗಿ ಅದು ತುಂಬಿದ ಕರುಳು ಒತ್ತಿ ನರಗಳ ಮೂಲಕ ತಂದ ಸಂಕಟ. ಆಮೇಲೆ ವೈದ್ಯರು ಆ ಸಿದ್ಧಾಂತವನ್ನು ಕೈಬಿಟ್ಟರು. ಮಾರುಕಟ್ಟೆ ಬಿಡಲಿಲ್ಲ.

ಶುದ್ಧೀಕರಣದ ಕೆಲಸ ದೇಹದಲ್ಲಿ ನಡೆಯುತ್ತಲೇ ಇದೆ. ಯಕೃತ್ತಿನ ಮೂಲಕ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹಾಯುತ್ತದೆ. ನೀರಿನಲ್ಲಿ ಕರಗದ ವಸ್ತುಗಳ ರೂಪವನ್ನು ಅಲ್ಲಿನ ಕಿಣ್ವಗಳು ಮೊದಲು ಬದಲಿಸುತ್ತವೆ, ಆಮೇಲೆ ಕರಗುವಂಥ ಇನ್ನೊಂದು ಅಣುವನ್ನು ಅದಕ್ಕೆ ಕಟ್ಟಿ ಮೂತ್ರಕ್ಕೋ ಪಿತ್ತರಸಕ್ಕೋ ಕಳುಹಿಸುತ್ತವೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಒಂದೆರಡು ಲೀಟರನ್ನು ಮಾತ್ರ ಹೊರಗೆ ಬಿಡುತ್ತವೆ. ಈ ವ್ಯವಸ್ಥೆ ಕೆಟ್ಟರೆ ಕಾಣುವುದು ಕಾಮಾಲೆ, ಊತ, ಏರಿದ ಕ್ರಿಯಾಟಿನಿನ್. ಆಗ ಬೇಕಾದದ್ದು ವೈದ್ಯರು. ಕೆಡದಿದ್ದರೆ ಕ್ಯಾಪ್ಸೂಲಿನ ಪುಡಿಗೆ ಮಾಡಲು ಕೆಲಸವಿಲ್ಲ. ಆದರೂ ಅಮೆರಿಕದಲ್ಲಿ ಮನೆಯ ಗೋಡೆಯ ಬೂಷ್ಟಿನಿಂದ ದೇಹದಲ್ಲಿ ವಿಷ ಸೇರಿದೆ ಎಂದು ಮೂತ್ರಪರೀಕ್ಷೆಯಿಂದ ತೋರಿಸಿ ತಿಂಗಳುಗಟ್ಟಲೆ ಬೈಂಡರ್ ಕೊಡುವ ವೈದ್ಯರೂ ಇದ್ದಾರೆ. ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2015ರಲ್ಲೇ ಆ ಮೂತ್ರಪರೀಕ್ಷೆಗೆ ಎಫ್‌ಡಿಎ ಮಾನ್ಯತೆಯಿಲ್ಲ ಎಂದು ಎಚ್ಚರಿಸಿತ್ತು. ಬೂಷ್ಟು ಹಿಡಿದ ಗೋಡೆಯಿಂದ ಅಲರ್ಜಿ, ಉಬ್ಬಸ ಬರುವುದು ನಿಜ. ಅದಕ್ಕೆ ಮದ್ದು ಸೋರುವ ಚಾವಣಿಯ ರಿಪೇರಿ.

ಸೀಸ, ಪಾದರಸದಂಥ ಲೋಹಗಳ ಭಯ ಹುಸಿಯಲ್ಲ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಹೊರತಂದ ವರದಿಯ ಅಂದಾಜಿನಂತೆ ಭಾರತದ 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಇಲ್ಲವೇ ಅದಕ್ಕಿಂತ ಹೆಚ್ಚಿದೆ. ಹಳೆ ಬ್ಯಾಟರಿ ಕರಗಿಸುವ ಶೆಡ್ಡು, ಹಳೆ ಬಣ್ಣ, ಕಲಬೆರಕೆ ಅರಿಶಿನ, ಕೆಲವು ಬಗೆಯ ಸುರ್ಮಾ ಅದರ ಮೂಲಗಳು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಕಟ್ಟಿದ ಸೀಸ ಪರೀಕ್ಷಾ ಕೇಂದ್ರ ದೇಶಕ್ಕೆ ಈ ಅಪಾಯವನ್ನು ತೋರಿಸಿಕೊಟ್ಟಿತು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು. ವಯಸ್ಕರ ದೇಹದ ಸೀಸದಲ್ಲಿ ಶೇ 90ಕ್ಕೂ ಹೆಚ್ಚು ಇರುವುದು ಮೂಳೆಯಲ್ಲಿ, ಅದೂ ದಶಕಗಟ್ಟಲೆ. ಕರುಳಿನ ಜೇಡಿಗೆ ಮೂಳೆಯ ಸೀಸ ಎಟುಕುವುದಿಲ್ಲ. ರಕ್ತಕ್ಕಿಳಿದು ಸೀಸವನ್ನು ಹಿಡಿಯುವ ಔಷಧಗಳು ಬೇರೆ ಇವೆ. ಅವನ್ನು ಕೀಲೇಟರ್ ಎನ್ನುತ್ತಾರೆ. ಮಕ್ಕಳಲ್ಲಿ ಸೀಸದ ಮಟ್ಟ ಡೆಸಿಲೀಟರಿಗೆ 45 ಮೈಕ್ರೋಗ್ರಾಂ ಮುಟ್ಟಿದಾಗ ಆಸ್ಪತ್ರೆಯಲ್ಲಿ ಅವನ್ನು ಕೊಡುತ್ತಾರೆ. ಅವೂ ಮೂಲವನ್ನು ಮುಚ್ಚಿದ ಮೇಲಷ್ಟೇ ಉಪಯುಕ್ತ. ತಪ್ಪು ಬಗೆಯ ಕೀಲೇಟರ್ ಕೊಟ್ಟು ರಕ್ತದ ಕ್ಯಾಲ್ಸಿಯಂ ಕುಸಿದು ಅಮೆರಿಕದಲ್ಲಿ 2003ರಿಂದ 2005ರ ನಡುವೆ ಮೂವರು ಸತ್ತಿದ್ದಾರೆ. ಅವರಲ್ಲಿ ಇಬ್ಬರು ಮಕ್ಕಳು.

ಚೈತನ್ಯದ ಭರವಸೆಯನ್ನು ಬೇರೆಯಾಗಿಯೇ ನೋಡಬೇಕು, ಏಕೆಂದರೆ ಬೈಂಡರ್ ಕೊಳ್ಳುವವರಲ್ಲಿ ಬಹುಪಾಲು ಜನರ ನಿಜವಾದ ದೂರು ಸುಸ್ತು. ಸುಸ್ತಿಗೆ ಕಾರಣಗಳ ಪಟ್ಟಿ ಉದ್ದವಾದರೂ ಹೆಚ್ಚಿನವು ಸಾಮಾನ್ಯ ಪರೀಕ್ಷೆಗೆ ಸಿಗುತ್ತವೆ: ರಕ್ತಹೀನತೆ, ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಸಸ್ಯಾಹಾರಿಗಳಲ್ಲಿ ಬಿ12 ಕೊರತೆ, ಕ್ಷಯ, ಕಿಡ್ನಿ ತೊಂದರೆ, ಖಿನ್ನತೆ, ಗೊರಕೆಯಲ್ಲಿ ಉಸಿರು ಕಟ್ಟಿ ಹಾಳಾಗುವ ನಿದ್ರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57 ಮಂದಿಗೆ ರಕ್ತಹೀನತೆಯಿದೆ. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನಕ್ಕೇ ಕೈಕಾಲು ಸೋಲುವುದು, ಕಣ್ಣು ಕತ್ತಲಿಡುವುದು ಇವರ ನಿತ್ಯದ ಪಾಡು.

ಇಲ್ಲಿ ಜೇಡಿಮಣ್ಣು ಮದ್ದಾಗುವ ಬದಲು ಕಾಯಿಲೆಯ ಗುರುತಾಗಿಯೇ ಕಾಣಿಸಿಕೊಳ್ಳುತ್ತದೆ. ಬಸುರಿಯರು ಕೆಮ್ಮಣ್ಣು ತಿನ್ನುವುದು, ಹೆಣ್ಣುಮಕ್ಕಳು ಬಳಪ ಅಗಿಯುವುದು ಕನ್ನಡದ ಮನೆಗಳಿಗೆ ಹೊಸದಲ್ಲ. ಕಿರಾಣಿ ಅಂಗಡಿಯಿಂದ ತಂದ ಬಳಪದ ಡಬ್ಬಿ ಮಕ್ಕಳ ಸ್ಲೇಟಿಗಿಂತ ಬೇಗ ಅಡುಗೆಮನೆಯ ಗೂಡಿನಲ್ಲಿ ಖಾಲಿಯಾಗುವುದುಂಟು. ವೈದ್ಯರು ಪೈಕಾ ಎಂದು ಕರೆಯುವ ಈ ಚಟ ಕಬ್ಬಿಣದ ಕೊರತೆಯ ಜೊತೆಗೇ ಕಾಣುವಂಥದ್ದು. ಕಬ್ಬಿಣದ ಮಾತ್ರೆ ಶುರುವಾದರೆ ಅನೇಕರಲ್ಲಿ ಬಳಪದ ಆಸೆ ತಾನಾಗಿ ಅಡಗುತ್ತದೆ. ಕೆಲವು ಜೇಡಿಗಳು ಊಟದಲ್ಲಿನ ಕಬ್ಬಿಣವನ್ನೇ ಹಿಡಿದು ಕೊರತೆಯನ್ನು ಹೆಚ್ಚಿಸುತ್ತವೆ. ರಕ್ತ ಕಡಿಮೆಯಾಗಿ ಸುಸ್ತಾದವರು ಚೈತನ್ಯಕ್ಕೆಂದು ಬೆಂಟೊನೈಟ್ ಪುಡಿ ಕುಡಿದರೆ ಬಳಪ ತಿಂದವರ ದಾರಿಯನ್ನೇ ಹಿಡಿದಂತೆ, ಬೆಲೆ ಮಾತ್ರ ಹೆಚ್ಚು.

ಹಾಗಾದರೆ ಬೈಂಡರ್ ತೆಗೆದುಕೊಂಡು ಹಗುರಾಯಿತು ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಡಿಟಾಕ್ಸ್ ಆರಂಭಿಸಿದವರು ಸಾಮಾನ್ಯವಾಗಿ ಅದರ ಜೊತೆಗೇ ಮದ್ಯ, ಕರಿದ ತಿಂಡಿ, ತಡರಾತ್ರಿಯ ಊಟ ಬಿಡುತ್ತಾರೆ, ನೀರು ಹೆಚ್ಚು ಕುಡಿಯುತ್ತಾರೆ, ಬೇಗ ಮಲಗುತ್ತಾರೆ. ಫಲ ಅವುಗಳದ್ದು. ಏರಿಳಿಯುವುದು ಸುಸ್ತಿನ ಗುಣ. ತೀರಾ ಸೋತ ವಾರದಲ್ಲಿ ಏನು ನುಂಗಿದರೂ ಮುಂದಿನ ವಾರ ಸ್ವಲ್ಪ ಮೇಲೆನಿಸುತ್ತದೆ. ತಲೆನೋವು, ವಾಂತಿ ಬಂದರೂ ಮಾರುವವರ ಬಳಿ ಉತ್ತರ ಸಿದ್ಧವಿದೆ: ವಿಷ ಹೊರಬರುತ್ತಿದೆ, ಮುಂದುವರಿಸಿ. ಇದಕ್ಕೆ ಅವರು ಎರವಲು ಪಡೆದಿರುವುದು ಯಾರಿಶ್–ಹರ್ಕ್ಸ್‌ಹೈಮರ್ ಪ್ರತಿಕ್ರಿಯೆ ಎಂಬ ಹೆಸರನ್ನು. ಆ ಹೆಸರು ಹುಟ್ಟಿದ್ದು ಸಿಫಿಲಿಸ್ ಚಿಕಿತ್ಸೆಯಲ್ಲಿ: ರೋಗಾಣುಗಳು ಒಮ್ಮೆಲೇ ಸತ್ತಾಗ ಬರುವ ಜ್ವರಕ್ಕೆ ಅದನ್ನು ಬಳಸುತ್ತಾರೆ. ಇದ್ದಿಲು ನುಂಗಿದವರಿಗೂ ಅದಕ್ಕೂ ಸಂಬಂಧವಿಲ್ಲ. ಒಳ್ಳೆಯದಾದರೂ ಮದ್ದಿನ ಗುಣ, ಕೆಟ್ಟದಾದರೂ ಮದ್ದಿನ ಗುಣ ಎಂಬ ವಾದವನ್ನು ಯಾವ ಪರೀಕ್ಷೆಯೂ ಸೋಲಿಸಲಾರದು. ಅದರ ದೋಷವೂ ಅದೇ.

ನಷ್ಟಗಳು ಸ್ಪಷ್ಟವಾಗಿವೆ. ಔಷಧ ಯಾವುದು, ವಿಷ ಯಾವುದು ಎಂಬ ಭೇದ ಇದ್ದಿಲಿಗೆ ತಿಳಿಯದು. ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿದ ಥೈರಾಕ್ಸಿನ್, ಅಪಸ್ಮಾರದ ಮಾತ್ರೆ, ಹೃದಯದ ಡಿಜಾಕ್ಸಿನ್, ಗರ್ಭನಿರೋಧಕ ಗುಳಿಗೆ ಇವನ್ನೆಲ್ಲ ಅದು ಹಿಡಿದು ಹೊರಗೆ ಒಯ್ಯಬಲ್ಲದು. ರೋಗಿಗೆ ಕಾಣುವುದು ಮಾತ್ರೆ ತಪ್ಪದೆ ತೆಗೆದುಕೊಂಡರೂ ಕಾಯಿಲೆ ಏಕೆ ಕೆರಳಿತು ಎಂಬ ಗೊಂದಲ. ಕೊಲೆಸ್ಟೈರಮಿನ್ ಬರೆದುಕೊಡುವ ವೈದ್ಯರು ಬೇರೆ ಮಾತ್ರೆಗಳನ್ನು ಅದಕ್ಕಿಂತ ಒಂದು ಗಂಟೆ ಮೊದಲು ಇಲ್ಲವೇ 4ರಿಂದ 6 ಗಂಟೆ ಆದಮೇಲೆ ನುಂಗಲು ಹೇಳುತ್ತಾರೆ. ಆ ರಾಳವನ್ನು ಹೆಚ್ಚು ಕಾಲ ತೆಗೆದುಕೊಂಡರೆ ಎ, ಡಿ, ಇ, ಕೆ ಜೀವಸತ್ವಗಳ ಕೊರತೆಯಾಗಬಹುದು. ಮಲಬದ್ಧತೆ ಇಂಥ ಹೆಚ್ಚಿನ ಬೈಂಡರುಗಳಲ್ಲಿ ಸಾಮಾನ್ಯ, ಅಪರೂಪಕ್ಕೆ ಕರುಳೇ ಕಟ್ಟಿಕೊಳ್ಳುತ್ತದೆ. ವಾಂತಿಯಾಗುವಾಗ ಇದ್ದಿಲು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಇನ್ನು ಜೇಡಿ ಎಂಬುದು ಕೊನೆಗೂ ನೆಲದಿಂದ ಅಗೆದ ಮಣ್ಣು. 2016ರಲ್ಲಿ ಎಫ್‌ಡಿಎ ಕೆಲವು ಬೆಂಟೊನೈಟ್ ಉತ್ಪನ್ನಗಳಲ್ಲಿ ಹೆಚ್ಚಿನ ಸೀಸ ಕಂಡು ಬಳಸಬೇಡಿ ಎಂದಿತು. ಸೀಸ ತೆಗೆಯಲೆಂದು ಕೊಂಡ ಪುಡಿಯೇ ಸೀಸ ತಂದಿತ್ತು.

ಇಂಥ ಸರಕು ಪರೀಕ್ಷೆಯಿಲ್ಲದೆ ಮಾರಾಟವಾಗಲು ಕಾನೂನಿನಲ್ಲೇ ದಾರಿಯಿದೆ. ಅಮೆರಿಕದಲ್ಲಿ 1994ರ ಪೂರಕ ಆಹಾರ ಕಾಯ್ದೆಯಂತೆ ಇವನ್ನು ಮಾರುವ ಮೊದಲು ಗುಣವನ್ನು ಸಾಬೀತು ಮಾಡಬೇಕಿಲ್ಲ. ರೋಗ ವಾಸಿಮಾಡುತ್ತದೆ ಎನ್ನುವಂತಿಲ್ಲ, ದೇಹದ ಕ್ರಿಯೆಗೆ ಬೆಂಬಲ ನೀಡುತ್ತದೆ ಎನ್ನಬಹುದು. ಹೆಚ್ಚಿನ ಡಬ್ಬಿಗಳ ಮೇಲೆ ಬೆಂಬಲ ಎಂಬ ಪದ ಕಾಣುವುದು ಈ ಕಾರಣಕ್ಕೆ. ಅದು ವಕೀಲರು ಆರಿಸಿದ ಪದ. ಭಾರತದಲ್ಲೂ ಪೂರಕ ಆಹಾರಗಳ ಲೇಬಲ್ ಮೇಲೆ ಇದು ಔಷಧವಲ್ಲ ಎಂಬ ಒಕ್ಕಣೆ ಕಡ್ಡಾಯ. ಯುರೋಪಿನಲ್ಲಿ ಇದ್ದಿಲ ಬಗ್ಗೆ ಮಾನ್ಯವಾಗಿರುವ ಹೇಳಿಕೆ ಒಂದೇ: ಊಟಕ್ಕೆ ಅರ್ಧ ಗಂಟೆ ಮೊದಲು ಒಂದು ಗ್ರಾಂ, ಊಟವಾದ ಕೂಡಲೇ ಒಂದು ಗ್ರಾಂ ತೆಗೆದುಕೊಂಡರೆ ಹೊಟ್ಟೆಯ ವಾಯು ಕಡಿಮೆಯಾಗಲು ನೆರವಾಗುತ್ತದೆ. ವಿಷದ ಮಾತೂ ಅದರಲ್ಲಿಲ್ಲ, ಚೈತನ್ಯದ ಮಾತೂ ಇಲ್ಲ. ಕಪ್ಪು ಐಸ್‌ಕ್ರೀಮ್, ಕಪ್ಪು ಲ್ಯಾಟೆಗಳ ಮೋಜು ಏರಿದಾಗ, 2018ರಲ್ಲಿ ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ ಹೋಟೆಲುಗಳಲ್ಲಿ ಆಹಾರಕ್ಕೆ ಇದ್ದಿಲು ಬೆರೆಸುವುದನ್ನು ನಿಲ್ಲಿಸಿತು.

ದಿನಾ ತಿನ್ನಬಹುದಾದ, ಪುರಾವೆಯೂ ಇರುವ ಬೈಂಡರ್ ಒಂದಿದೆ. ಅದು ನಾರು. ಇಸಬ್‌ಗೋಲಿನ ಹೊಟ್ಟು, ಬೇಳೆಕಾಳು, ಸೊಪ್ಪು, ಸಿಪ್ಪೆಸಹಿತ ಹಣ್ಣು, 100 ಗ್ರಾಂಗೆ ಸುಮಾರು 11 ಗ್ರಾಂ ನಾರು ಇರುವ ರಾಗಿ ಇವೆಲ್ಲ ಆ ಪಟ್ಟಿಗೆ ಸೇರುತ್ತವೆ. ಕರಗುವ ನಾರು ಪಿತ್ತಾಮ್ಲಗಳನ್ನು ಹಿಡಿದು ಹೊರಗೊಯ್ಯುತ್ತದೆ. ಅವನ್ನು ಮತ್ತೆ ತಯಾರಿಸಲು ಯಕೃತ್ತು ರಕ್ತದ ಕೊಲೆಸ್ಟೆರಾಲ್ ಬಳಸುವುದರಿಂದ ಅದರ ಮಟ್ಟ ತುಸು ಇಳಿಯುತ್ತದೆ. ನಾರು ಮಲಬದ್ಧತೆಯನ್ನು ತರುವ ಬದಲು ನಿವಾರಿಸುತ್ತದೆ.

ಡಬ್ಬಿ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದು ಹಿಡಿಯುವ ವಿಷದ ಹೆಸರೇನು, ಅದು ನನ್ನಲ್ಲಿದೆ ಎಂದು ಯಾವ ಪರೀಕ್ಷೆ ಹೇಳಿತು? ಉತ್ತರ ಬಾರದಿದ್ದರೆ ಅದೇ ದುಡ್ಡಿನಲ್ಲಿ ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ಬಿ12, ಸಕ್ಕರೆ ನೋಡಿಸಬಹುದು. ಎರಡು ವಾರ ಮೀರಿದ ಸುಸ್ತಿನ ಜೊತೆ ತೂಕ ಇಳಿಯುತ್ತಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಮನೆಯಲ್ಲಿ ಯಾರಾದರೂ ನಿಜಕ್ಕೂ ವಿಷ ನುಂಗಿದ್ದರೆ ಇದ್ದಿಲನ್ನು ಹುಡುಕುತ್ತ ಕೂರುವಂತಿಲ್ಲ, ವಾಂತಿ ಮಾಡಿಸುವಂತಿಲ್ಲ. 108ಕ್ಕೆ ಕರೆ ಮಾಡಿ, ನುಂಗಿದ ವಸ್ತುವಿನ ಡಬ್ಬಿಯನ್ನು ಜೊತೆಗೆ ಹಿಡಿದು ಆಸ್ಪತ್ರೆಗೆ ಹೊರಡಬೇಕು. ಅಲ್ಲಿ ವೈದ್ಯರು ಕೇಳುವ ಮೊದಲ ಪ್ರಶ್ನೆಯೂ ಅದೇ: ಯಾವ ವಿಷ, ಎಷ್ಟು, ಯಾವಾಗ?